ಮೂರನೇ ಬೋಗಿ

ಡೆಸ್ಮಂಡ್ ಹಾರ್ಟ್‌ನಾಲ್ ಅಕ್ಕನಿಗೆ ಹೇಳಿದ್ದು ಇಷ್ಟೇ:
ಮುಂದಿನದು ಬೇಡ, ಕೊನೆಯದೂ ಬೇಡ,
ಮೂರನೆಯದರಲ್ಲಿ ಕೂರು.

ಯಾಕೆಂದು ಬೆರಿಲ್ ಕೇಳಲಿಲ್ಲ.
ಕೆಂಟ್ ಸೀಮೆಯ ಏಳೂ ಹದಿನಾಲ್ಕರ ಗಾಡಿ,
ಲಂಡನ್ನಿನಲ್ಲೊಂದು ಹೊಲಿಗೆ ಅಂಗಡಿ,
ಹತ್ತೊಂಬತ್ತು ವರ್ಷ.

ಅವನು ಷೆಡ್ಡಿನ ಫಿಟ್ಟರ್,
ಗಾಡಿಯ ಹೊಟ್ಟೆಯಡಿ ಅಂಗಾತ ಮಲಗಿ
ಅದರ ಗುಟ್ಟು ನೋಡಿದವನು.
ಕೆಳಗೆ ಚಾಸಿ: ಸೇತುವೆಗೆ ಹಾಕುವಂಥ ಉಕ್ಕು.
ಮೇಲೆ ಒಡಲು: ತಗಡು, ಒಂದಿಷ್ಟು ಮರ,
ಬಣ್ಣದ ಹನ್ನೊಂದು ಪದರ.
ಹಲಗೆಯ ಮೇಲೆ ಬೋರಲು ಹಾಕಿದ ಬಿಸ್ಕತ್ತಿನ ಡಬ್ಬ.

ಢಿಕ್ಕಿಯಾದರೆ ಉಕ್ಕು ಬಾಗುವುದಿಲ್ಲ.
ಬಾಗದ್ದು ಏಳುತ್ತದೆ,
ಮುಂದಿನದರ ಬೆನ್ನು ಹತ್ತುತ್ತದೆ,
ಡಬ್ಬದೊಳಕ್ಕೆ, ಕೂತವರ ಮೊಣಕಾಲಿನ ಮಟ್ಟಕ್ಕೆ,
ಮೇಜಿನ ಚೂರು ಬಳಿಯುವ ಕೈಯಂತೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ
ಎಂಬ ಮಾತು ಆ ಊರಿನಲ್ಲಿಲ್ಲ.
ಇದ್ದಿದ್ದರೆ ಸೀಮೆಸುಣ್ಣದಲ್ಲಿ
ಬಫರಿನ ಮೇಲೆ ಬರೆಯುತ್ತಿದ್ದ.

ಬರೆದದ್ದು ವರದಿ. ಎರಡು ಸಲ.
ಮೇಲಿನವರು ತಲೆಯಾಡಿಸಿದರು, ಚಹಾ ಕೊಟ್ಟರು:
ಇನ್ನು ನಾಲ್ಕೇ ವರ್ಷ, ಹೊಸವು ಬರುತ್ತವೆ.
ನಾಲ್ಕು ವರ್ಷಕ್ಕೊಮ್ಮೆ ಇನ್ನು ನಾಲ್ಕೇ ವರ್ಷ.

ರಾತ್ರಿ ಪಾಳಿ ಮುಗಿಸಿ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ
ಶಾಲೆಯ ಮಕ್ಕಳು, ಒಂದೇ ಬಣ್ಣದ ಟೈ,
ಓಡೋಡಿ ಮೊದಲ ಬೋಗಿಗೇ ಹತ್ತುತ್ತವೆ.
ದಡ್, ದಡ್, ದಡ್, ಬಾಗಿಲು.
ಒಮ್ಮೆ ಒಬ್ಬ ಹುಡುಗನ ಚೀಲ ಹಿಡಿದು ನಿಲ್ಲಿಸಿದ.
'ಏನು?' ಅಂದ ಹುಡುಗ.
ಮಧ್ಯದಲ್ಲಿ ಎಲ್ಲರಿಗೂ ಜಾಗವೆಲ್ಲಿದೆ?
'ಬೂಟಿನ ದಾರ ಬಿಚ್ಚಿದೆ' ಎಂದ.

ಕಡೆಗೂ ಹಳೆಯದರ ಕೊನೆಯ ಓಟ.
ಜನ ಅತ್ತರು, ಫೋಟೊ ತೆಗೆದರು.
ಬಾಗಿಲಿನ ಹಿತ್ತಾಳೆ ಹಿಡಿ, ಸಾಮಾನಿಡುವ ಬಲೆ
ಹರಾಜಿನಲ್ಲಿ ಹೋದವು.
'ಆ ಕಾಲದ್ದು, ಎಷ್ಟು ಗಟ್ಟಿ ನೋಡಿ'
ಎಂದ ಒಬ್ಬಾತ, ಗೋಡೆ ತಟ್ಟಿ.
ಗುಜರಿ ಅಂಗಳದಲ್ಲಿ ಅದೇ ಗೋಡೆಯನ್ನು
ಯಂತ್ರವೊಂದು ಹಪ್ಪಳದಂತೆ ಮುರಿಯುವುದನ್ನು
ಡೆಸ್ಮಂಡ್ ನಿಂತು ನೋಡಿದ.
ಕೆಳಗಿನ ಉಕ್ಕಿಗೆ ಮಾತ್ರ
ಮಧ್ಯಾಹ್ನದವರೆಗೂ ಬೆಂಕಿ ಬೇಕಾಯಿತು.

ಹೊಸ ಗಾಡಿಯ ಮೂತಿಯನ್ನು
ನಜ್ಜುಗುಜ್ಜಾಗಲೆಂದೇ ಮಾಡಿದ್ದಾರೆ.
ಬೆರಿಲ್‌ಗೆ ಅದು ಹಿಡಿಸಿಲ್ಲ, ಕಿಟಕಿ ತೆರೆಯುವುದಿಲ್ಲ.
ಆದರೂ ಮೂರನೆಯದರಲ್ಲೇ ಕೂರುತ್ತಾಳೆ.
'ನೀನು ಹೇಳಿದ್ದು ಸರಿ ಕಣೋ,
ಇಳಿದರೆ ಮೆಟ್ಟಿಲು ಎದುರಿಗೇ.'

ಹೌದು ಎಂದ ಅವನು,
ಆಲೂಗಡ್ಡೆಯ ತಟ್ಟೆ ಅವಳತ್ತ ಸರಿಸಿ.