ಸಮಜಾಯಿಷಿ

ಮಾನ್ಯರೇ,
ಅಕ್ಟೋಬರ್ ಎಂಟರ ಮೊದಲ ಟ್ರಿಪ್ಪಿನ ವೇಬಿಲ್ಲು,
ಅದರ ಬೆನ್ನಿಗೆ ಅಸಂಬದ್ಧ ಗೀಚಿದ್ದೇಕೆಂದು ಕೇಳಿದ್ದೀರಿ.
ಏಳು ದಿನ ಕೊಟ್ಟಿದ್ದೀರಿ. ಇವತ್ತಿಗೆ ಆರು.

ಮೊದಲು, ನೀವು ಕೆಂಪು ಸುತ್ತು ಹಾಕಿದ 'ಮಂಗ ೨'.
ಅದು ತನಿಖೆಗೆ ಹತ್ತಿದ ತಮ್ಮಿಬ್ಬರನ್ನು ಕುರಿತದ್ದಲ್ಲ.
ನೀವು ಕೈ ಅಡ್ಡ ಹಿಡಿದದ್ದು ಮಂಡಗದ್ದೆಯಲ್ಲಿ.
ನಾನು ಬರೆದದ್ದು ಅದಕ್ಕೂ ಹಿಂದೆ, ಸಕ್ರೆಬೈಲಿನ ಹತ್ತಿರ,
ಆನೆಯೊಂದು ರಸ್ತೆ ದಾಟಲೆಂದು ಗೌಸ್ ಪೀರ್ ಗೇರು ಇಳಿಸಿದಾಗ.
ಅತ್ತಿಮರದಲ್ಲಿ ಎರಡು ಮಂಗಟ್ಟೆ,
ಜಗಳವಾಡಿದ ದಂಪತಿಯಂತೆ
ಒಂದು ಹೊಳೆ ಕಡೆಗೆ, ಒಂದು ಗುಡ್ಡದ ಕಡೆಗೆ ಮುಖ ಮಾಡಿ.
'ಟ್ಟೆ' ಬರೆಯುವಷ್ಟರಲ್ಲಿ ಮರ ಹಿಂದಾಗಿತ್ತು.

'ಹಾವ ೧೧' ಎಂದರೆ ಬಸ್ಸಲ್ಲಿ ಹಾವು ಸಾಗಿಸಿದ್ದಲ್ಲ.
ಹಾವಕ್ಕಿ. ಮೈ ನೀರೊಳಗೆ, ಕತ್ತು ಮಾತ್ರ ಹೊರಗೆ,
ಟಿಕೆಟ್ಟಿಲ್ಲದವನು ಸೀಟಿನ ಸಂದಿಯಿಂದ
ನಿಮ್ಮನ್ನು ಕದ್ದು ನೋಡುವ ಹಾಗೆ.

'ಹೊನ್ನ ೧': ಹೊನ್ನಕ್ಕಿ. ಲಗೇಜು ಚಾರ್ಜು ಬಿಟ್ಟಿಲ್ಲ.
'ಕಾಜಾ ೪': ಸಮವಸ್ತ್ರದ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ,
ಕಾಜಾಣ. ಕರೆಂಟು ತಂತಿ ಮೇಲೆ.
'ಮಡಿ ೧' ಡಿಪೋದಲ್ಲೇ, ಡೀಸೆಲ್ ಬಂಕಿನ ಮೇಲೆ,
ಐದೂ ಮುಕ್ಕಾಲಿಗೆ, ಹಾಜರಿ ಕೂಗುವ ಮೊದಲೇ ಹಾಡಿ ಮುಗಿಸಿತ್ತು.

ಇದನ್ನು ಕಲಿಸಿದವರು ಫಿಲೋಮಿನಾ ಮಿಸ್,
ಗಾಜನೂರಲ್ಲಿ ಹತ್ತಿ ಮಾಳೂರಲ್ಲಿ ಇಳಿಯುತ್ತಿದ್ದರು,
ಕಿಟಕಿ ಪಕ್ಕದ ಸೀಟೇ ಬೇಕು, ಇಲ್ಲದಿದ್ದರೆ ಮುಂದಿನ ಬಸ್ಸು.
ಅವರದು ಇಂಗ್ಲಿಷಿನ ನಾಲ್ಕಕ್ಷರ, ಎಲ್ಲಾ ಹಕ್ಕಿಗೂ ನಾಲ್ಕೇ.
ನಾನೆಂದೆ, ಮಿಸ್, ಮಂಡಗದ್ದೆ ಸ್ಟಾಪು ಒಂದೂವರೆ ನಿಮಿಷ,
ಅಷ್ಟರಲ್ಲಿ ಇಳಿಸಬೇಕು, ಹತ್ತಿಸಬೇಕು, ಚಿಲ್ಲರೆ ಕೊಡಬೇಕು,
ನನಗೆ ಎರಡಕ್ಷರ ಸಾಕು.
ಒಂದು ವಾರ ಎರಡೇ ಸಾಕಾಯಿತು.
ಆಮೇಲೆ ಒಂದು ದಿನ 'ಕೆಂಬ' ಎಂದು ಬರೆದು
ರಾತ್ರಿ ಡಿಪೋದಲ್ಲಿ ಮಲಗಿ ಯೋಚಿಸಿದೆ:
ಬೇಲಿಯ ಕೆಂಬೂತವೋ, ಗದ್ದೆಯ ಕೆಂಬರಲೋ?
ಅಂದಿನಿಂದ ಕೆಂಬೂತಕ್ಕೆ ಕೊಂಬು ಹಚ್ಚುತ್ತೇನೆ,
ಎಷ್ಟೇ ಅವಸರವಿದ್ದರೂ.

ಬೆಳ್ಳಕ್ಕಿಗೆ ಅಕ್ಷರವನ್ನೇ ಇಟ್ಟಿಲ್ಲ, ಬರೀ ಚುಕ್ಕೆ.
ತುಂಗೆಯ ನಡುಗಡ್ಡೆಯಲ್ಲಿ ಅರ್ಧ ಮುಳುಗಿದ ಮರಗಳು
ಸುಣ್ಣ ಬಳಿದಂತೆ ಬೆಳ್ಳಗಾಗಿರುವಾಗ
ಒಂದು ಚುಕ್ಕೆ ಅಂದರೆ ಐವತ್ತು.
ಹಾಳೆಯ ಮೇಲೆ ಪೆನ್ನು ಸೋರಿದೆ ಎಂದು ತಾವು ಬರೆದಿದ್ದೀರಲ್ಲ,
ಅದು ಹದಿನಾಲ್ಕು ಚುಕ್ಕೆ.

ಮಿಸ್ ಈಗ ಬರುವುದಿಲ್ಲ, ಅಂಕೋಲಾಕ್ಕೆ ವರ್ಗವಾಯಿತು.
ಇದು ಮೆಮೊಗೆ ಬೇಕಾದ ವಿಷಯವಲ್ಲ, ತಿಳಿದಿದೆ.

ಕೊನೆಯದಾಗಿ 'ಗೊ ೧'.
ಗೊರವಂಕ ಇರಬೇಕೆಂದು ತಾವೇ ಪಕ್ಕದಲ್ಲಿ ಪೆನ್ಸಿಲಿನಲ್ಲಿ
ಸಣ್ಣಗೆ ಬರೆದು ಅಳಿಸಿರುವುದು ಕಾಣುತ್ತದೆ.
ಹಾಗಾದರೆ ತಮಗೂ ಸ್ವಲ್ಪ...
ಇರಲಿ.
ಅಲ್ಲ, ಗೊರವಂಕವಲ್ಲ. ಗೊರವಂಕ 'ಗೊರ'.
'ಗೊ' ಎಂದರೆ ಗೊತ್ತಿಲ್ಲ.
ಕಂದು ಬೆನ್ನು, ಹೊಟ್ಟೆಯ ಬಣ್ಣ ಕಾಣಲಿಲ್ಲ,
ಸೇತುವೆ ಕಂಬಿಯ ಮೇಲೆ ಇತ್ತು, ಬಾಲ ಎರಡು ಸಲ ಕೊಡವಿತು,
ನಾನು ಸೀಟಿ ಊದಿದೆ.
ಹದಿನೆಂಟು ವರ್ಷದ ವೇಬಿಲ್ಲುಗಳಲ್ಲಿ
ಅತಿ ಹೆಚ್ಚು ಸಲ ಬಂದಿರುವ ಹಕ್ಕಿ ಅದೇ.

ನಗದು ಸರಿಯಿದೆ. ಟಿಕೆಟ್ಟು ಸರಿಯಿದೆ.
ಇಂಕ್ರಿಮೆಂಟು ತಡೆಯುವುದು ತಮಗೆ ಬಿಟ್ಟದ್ದು.

ತಮ್ಮ ವಿಶ್ವಾಸಿ,
ತಿಮ್ಮೋಜಿ ಬಿ., ನಿರ್ವಾಹಕ, ಶಿವಮೊಗ್ಗ

ವಿ.ಸೂ.: ವೇಬಿಲ್ಲಿನ ಮುಂಭಾಗ ಕಡತದಲ್ಲಿರಲಿ.
ಹಿಂಭಾಗದ ಜೆರಾಕ್ಸ್ ಒಂದು ದಯಮಾಡಿ ಕೊಡಿಸಬೇಕು,
ಆ ದಿನದ ಎಣಿಕೆ ಬೇರೆ ಎಲ್ಲೂ ಬರೆದುಕೊಂಡಿಲ್ಲ.