ಹಣಿಗಿಯ ಹಲ್ಲು

ಮುಂದಿನ ಹಲ್ಲಿನ್ಯಾಗ ಒಂದು ಕಚ್ಚು ಐತಿ ನಂದು,
ನೂಲಿನಷ್ಟ ಸಣ್ಣದು.
ಮೂವತ್ತೆರಡ ವರ್ಷ ರೇಶಿಮಿ ಕಡದ ಗುರುತು.
ಕತ್ತರಿ ಮೊಳಿಗೆ ತೂಗಿರತೈತಿ, ಖರೆ.
ಆದ್ರ ಎರಡೂ ಕೈಯಾಗ ಎಳಿ ಹಿಡದಾಕಿಗೆ
ಬಾಯಿಗಿಂತ ಹತ್ರದ ಕತ್ತರಿ ಯಾವದು?

ಗುಳೇದಗುಡ್ಡದ ಓಣ್ಯಾಗ ನಮ್ಮ ಮಗ್ಗದ ಕುಣಿ,
ಕುಣಿ ಮ್ಯಾಲ ಗೂಡು, ಗೂಡಿನ್ಯಾಗ
ಅತ್ತಿ ಶಾಂಭವ್ವನ ಮಿಶ್ರಿ ಡಬ್ಬಿ.
ಮುಂಜಾನೆದ್ದು ತಿಕ್ಕೋದು, ಉಂಡು ತಿಕ್ಕೋದು,
ಮನಸು ಕೆಟ್ರ ಸುಮ್ಮನ ತಿಕ್ಕೋದು.
"ಹಲ್ಲ ಗಟ್ಟಿ ಆಗತಾವ" ಅಂತಿದ್ಲು.
ಐವತ್ತಕ್ಕ ಕಟಕ ರೊಟ್ಟಿ ಒರಳಾಗ ಕುಟ್ಟಿ
ಮಜ್ಜಿಗ್ಯಾಗ ನೆನಿಸಿ ನುಂಗತಿದ್ಲು.
ಆಕಿ ಹೋದಮ್ಯಾಲ
ಡಬ್ಬಿ ನನಗ ಬಂತು,
ಬಂಗಾರ ನಾದಿನಿಗೆ ಹೋತು.

ದವಡಿ ಹಲ್ಲು ಮೊದಲ ಜುಮ್ ಅಂದಿತು.
ಲವಂಗ ಇಟ್ಟೆ.
ಆಮ್ಯಾಲ ಕುಟುಕಿತು. ತಂಬಾಕ ತುರುಕಿದೆ.
ಆಮ್ಯಾಲ ಒಂದ ರಾತ್ರಿ
ಕಿವಿ, ಕಣ್ಣು, ನೆತ್ತಿ ಎಲ್ಲಾ ಕೂಡಿ
ಒಂದ ಹಲ್ಲಾಗಿ ಕುಂತಿತು.
ಮೂರ ದಿನ ಮಗ್ಗ ನಿಂತಿತು. ಕೀಳಿಸಿದೆ.
ಅವತ್ತಿನಿಂದ ಒಂದ ಮಗ್ಗಲಲೆ ಅಗಿಯೋದು,
ಒಂಟೆತ್ತಿನ ಗಾಡಿ ಹಂಗ.

ಸೊಸೈಟಿ ಹಾಲಿಗೆ ಹಲ್ಲಿನ ಡಾಕ್ಟರ ಬಂದಿದ್ರು,
ತಸ್ಲೀಮಾ ಬಾಗವಾನ, ಬಾಗಲಕೋಟಿಯವರು.
ಚಮಚದಂಥ ಕನ್ನಡಿ ಬಾಯಾಗ ಇಟ್ಟು
ಭಾಳೊತ್ತು ಮಾತಾಡಲಿಲ್ಲ.
ಆಮ್ಯಾಲ ಕೇಳಿದ್ರು:
"ಅವ್ವಾರ, ಮಗ್ಗದ ಹಣಿಗ್ಯಾಗ ಧೂಳ ಕುಂತ್ರ ಏನ ಮಾಡ್ತೀರಿ?"
"ದಿನಾ ಸಂಜಿಕ ಬ್ರಶ್ ಹಚ್ಚತೇನ್ರಿ,
ಹಲ್ಲ ಹಲ್ಲ ಬಿಡಿಸಿ. ಇಲ್ಲಂದ್ರ ಎಳಿ ಹರಿತಾವ."
"ಹರಿಯೂತನಾ ಕಾಯೂದಿಲ್ಲಾ?"
"ಕಾಯಾಕ ನಾ ಏನ ಹುಚ್ಚಿ..."
ಅಂದಾಕಿ ಅಲ್ಲೇ ನಿಂತೆ.
ನನ್ನ ಮಾತ ನನ್ನ ಬಾಯಾಗ
ಅನ್ನದಾಗಿನ ಹರಳಿನಂಗ ಸಿಕ್ಕಿತು.

ಸಣ್ಣ ಡಬ್ಬಿ ಕೊಟ್ರು. ಅದರಾಗ ಬಿಳಿ ದಾರ.
ಎರಡ ಹಲ್ಲಿನ ನಡಕ ಎಳೀಬೇಕಂತ,
ಗರಗಸದಂಗಲ್ಲ, ಮೆಲ್ಲಕ.
ನಕ್ಕೆ ನಾನು. ಸಾವಿರಾರು ಎಳಿ
ಹಣಿಗಿ ಸಂದ್ಯಾಗ ಕತ್ತಲಾಗೂ ತೂರಸಾಕಿ,
ನನಗ ದಾರದ ಪಾಠಾ?
ಮನಿಗೆ ಬಂದು ಕನ್ನಡಿ ಮುಂದ ಕುಂತೆ.
ದಾರಕ್ಕ ರಕ್ತ ಹತ್ತಿ ಬಂತು.
ಹೆದರಿ ಫೋನ್ ಹಚ್ಚಿದ್ರ
"ಬಿಡಬ್ಯಾಡ್ರಿ, ನಿಂದರತೈತಿ" ಅಂದ್ರು.
ಹನ್ನೊಂದನೇ ದಿನಕ್ಕ ನಿಂತಿತು.

ಮೊಮ್ಮಗಳು ದಾಕ್ಷಾಯಣಿ ರಾತ್ರಿ
ಅಮೀನಗಡದ ಕರದಂಟ ತಿಂದು
ಹಂಗ ಮಲಗಾಕ ನೋಡತೈತಿ.
"ಬಾ, ಎಂಬತ್ತ ಲಾಳಿ" ಅಂತೀನಿ.
ಗಡಿಯಾರ ನಮಗ ಬ್ಯಾಡ.
ನಾ ಲಾಳಿ ಒಗೀತೀನಿ, ಅದು ಬ್ರಶ್ ಆಡಸತೈತಿ.
ಅರವತ್ತಾಗೂದಕ್ಕ ಉಗುಳಾಕ ಓಡತೈತಿ.
"ಇನ್ನಾ ಇಪ್ಪತ್ತ ಐತಿ, ಕಳ್ಳಿ!"

ಆರ ತಿಂಗಳಿಗೊಮ್ಮಿ ಬಾಗಲಕೋಟಿ ಬಸ್ ಹತ್ತತೀನಿ.
ಬಾಜೂಕಿನ ಕಸ್ತೂರವ್ವ ಕೇಳತಾಳ:
"ಏನ ನೂಸತೈತಿ?"
"ಏನೂ ಇಲ್ಲ."
"ಮತ್ಯಾಕ ರೊಕ್ಕ ದಂಡ?"
"ಏನೂ ಇಲ್ಲ ಅಂತ ಅವರ ಬಾಯಿಲೆ ಕೇಳಾಕ."
ಹೋದ ಸಲ ಎಳ್ಳಕಾಳಿನಷ್ಟ ಕಪ್ಪ ಸಿಕ್ಕಿತು.
ಕುಂತಲ್ಲೇ ತುಂಬಿದ್ರು.
ಸಂಜಿಕ ಬಂದು ಮಗ್ಗಕ್ಕ ಕುಂತೆ.

ಹಣಿಗಿಯ ಒಂದ ಹಲ್ಲ ಬಾಗಿದ್ರ
ಖಣದ ಉದ್ದಕ್ಕ ಗೀರ ಬೀಳತೈತಿ,
ಕೊಳ್ಳಾಕಿ ಉಗುರು ಅದನ್ನ ಹುಡುಕತೈತಿ.
ಇದ ಗೊತ್ತಿದ್ದಾಕಿಗೆ ಅದ ಗೊತ್ತಾಗಾಕ
ಒಂದು ದವಡಿ ಹಲ್ಲು ಕೊಡಬೇಕಾತು.

ಮಿಶ್ರಿ ಡಬ್ಬಿ ಮೂರ ಸಲ ತೊಳದೀನಿ,
ಇನ್ನಾ ವಾಸನಿ ಐತಿ.
ದಾಕ್ಷಾಯಣಿ ಬಿದ್ದ ಹಾಲಹಲ್ಲ ಅದರಾಗ ಇಟ್ಟೈತಿ.

ನಿನ್ನಿ ಅವಸರದಾಗ ಮತ್ತ ಎಳಿ ಕಚ್ಚಿದೆ.
ಬಾಯಾಗ ರೇಶಿಮಿ,
ಗ್ವಾಡಿಗೆ ಕತ್ತರಿ,
ಹೊಸ್ತಿಲದಾಗ ಹುಡುಗಿ, ಮುಂದಿನ ಹಲ್ಲಿಲ್ಲದ ಬಾಯಿ ತಗದು:
"ಆಯೀ, ಕತ್ತರಿ!"

ಬಿಟ್ಟೆ.