ಜಾರುನೆಲ

ಕಾಯಾನಿಯಿಂದ ಹನ್ನೆರಡು ಕಿಲೋಮೀಟರು ಬಡಗಣಕ್ಕೆ
ಬರ್ಚ್ ಮರಗಳ ನಡುವೆ ನಮ್ಮ ಜಾರುನೆಲ.
ರಾತ್ರಿ ನೀರು ಬಿಟ್ಟರೆ ಬೆಳಗಿಗೆ ಕನ್ನಡಿ.
ಅದರ ಮೇಲೆ ಕಾರು ಓಡಿಸುವುದ ಕಲಿಸುತ್ತೇನೆ ನಾನು,
ಹಿಲ್ಕಾ, ಐವತ್ತೆಂಟು, ಮೊಣಕಾಲು ಎರಡೂ ಹಾಳು:
ಪಕ್ಕದ ಸೀಟಿನಲ್ಲಿ ಕೂತು
ಇಲ್ಲದ ಬ್ರೇಕನ್ನು ಇಪ್ಪತ್ತಾರು ವರ್ಷ ಒತ್ತಿದ್ದಕ್ಕೆ.

ದಾರಿಗಡ್ಡ ಒಂದು ಎಲ್ಕ್. ಪ್ಲೈವುಡ್ಡಿನದು.
ಕಾಡಿನದಾದರೆ ಕುದುರೆಗಿಂತ ಎತ್ತರ, ಮೋಟು ಬಾಲ,
ಹೆಡ್‌ಲೈಟು ಕಂಡರೆ ನಿಂತೇಬಿಡುವ ಹುಂಬ.
ನಮ್ಮದನ್ನು ಗಂಡ ಆಯ್ಮೊ ಕೊಯ್ದು ಬಣ್ಣ ಬಳಿದದ್ದು,
ಮುಖ ಹೇಗೋ ನನ್ನಮ್ಮನ ಹಾಗೆ ಬಂದಿದೆ;
ಬೇಕೆಂದೇ ಇರಬೇಕು.

ಮೊದಲೆಲ್ಲ ನಾನು ಕಲಿಸುತ್ತಿದ್ದದ್ದು ಗೆಲ್ಲುವುದನ್ನು.
ಹಿಂಭಾಗ ಬಲಕ್ಕೆ ಜಾರಿತೋ, ಸ್ಟೀರಿಂಗು ಬಲಕ್ಕೇ,
ಎಡಕ್ಕೋ, ಎಡಕ್ಕೆ. ಕಣ್ಣು ಮಾತ್ರ
ಬೀಳುವ ಹಳ್ಳದ ಕಡೆಗಲ್ಲ, ಹೋಗುವ ದಾರಿಯ ಕಡೆಗೆ.
ಹತ್ತು ಸಲ, ಹದಿನೈದು ಸಲ. ಕಾರು ಬಾಲ ಬೀಸಿ
ಮತ್ತೆ ಸೀದಾ ಬಂದಾಗ
ಹದಿನೆಂಟರ ಹುಡುಗರ ಕಿವಿ ಕೆಂಪಾಗುತ್ತಿತ್ತು ಖುಷಿಗೆ.
ನನ್ನದೂ. ಸುಳ್ಳೇಕೆ ಹೇಳಲಿ.

ಯಾಲ್ಮರಿ ಎಲ್ಲರಿಗಿಂತ ಚುರುಕು.
ಮರದ ದಿಮ್ಮಿ ಸಾಗಿಸುವ ಲಾರಿಯವ ಅವನಪ್ಪ,
ಒಂದು ದಿನದ ಪಾಠ ಸಾಲದೆಂದು
ಇನ್ನೊಂದಕ್ಕೂ ಹಣ ಕಟ್ಟಿದ್ದ.
"ಹೆಚ್ಚು ಕಲಿತರೆ ಹೆಚ್ಚು ಬಾಳುತ್ತಾನೆ" ಅಂದಿದ್ದ,
ನೋಟು ಒಂದೊಂದೇ ಎಣಿಸಿ ಮೇಜಿನ ಮೇಲಿಟ್ಟು.

ಜನವರಿ ಹದಿಮೂರು. ಕೆರೆಯ ತಿರುವು. ಇಳಿಜಾರು.
ಉಳಿದವರು ಅರವತ್ತಕ್ಕೆ ಹೋಗುವಲ್ಲಿ ಅವನು ತೊಂಬತ್ತೈದು.
ಏಲಕ್ಕಿ ಬನ್ನು ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋದೆ.
ತೊಡೆಯೊಳಗೆ ಉಕ್ಕಿನ ಸರಳು.
"ಹಿಲ್ಕಾ," ಅಂದ, "ಎರಡು ಸಲ ಹಿಡಿತಕ್ಕೆ ತಂದೆ,
ನೀವು ಹೇಳಿದ ಹಾಗೇ.
ಮೂರನೇ ಸಲಕ್ಕೆ ರಸ್ತೆಯೇ ಮುಗಿದುಹೋಯಿತು."
ಇನ್ನೂ ಹೆಮ್ಮೆ ಇತ್ತು ಆ ಮುಖದಲ್ಲಿ.
ಅದನ್ನು ಅಂಟಿಸಿ ಕಳಿಸಿದವಳು ನಾನು,
ಎರಡು ದಿನ ಪಕ್ಕದಲ್ಲಿ ಕೂತು, ರಸೀತಿ ಕೊಟ್ಟು.

ಈಗ ಹಾಗಿಲ್ಲ.
ಈಗ ನನ್ನ ಕೈಗೊಂದು ಒತ್ತುಗುಂಡಿ,
ಒತ್ತಿದರೆ ಹಿಂದಿನ ಗಾಲಿ ನೆಲದ ಮಾತು ಕೇಳುವುದಿಲ್ಲ.
ನಲವತ್ತಕ್ಕೆ ತೆಪ್ಪಗೆ ನಿಂತ ಕಾರು
ಐವತ್ತಕ್ಕೆ ನಿಲ್ಲದು, ತಿಪ್ಪರಲಾಗ ಹಾಕಿದರೂ.
ಎಲ್ಕಿನ ಕಾಲು ಮುರಿಯುತ್ತದೆ,
ನನ್ನಮ್ಮ ಬಾನೆಟ್ಟಿನ ಮೇಲೆ ಮಲಗುತ್ತಾಳೆ.
"ಇನ್ನೊಮ್ಮೆ" ಅನ್ನುತ್ತೇನೆ. ಹತ್ತಕ್ಕೆ ಹತ್ತೂ ಸೋಲು.
"ಉಪಾಯ ಏನು?" ಕೇಳಿದಳು ವೆನ್ಲಾ, ಬೆವರಿದ ಅಂಗೈ ಒರೆಸುತ್ತ.
"ನಲವತ್ತು."
"ಅಷ್ಟೇನಾ?"
"ಅಷ್ಟೇ."
ಸಂಜೆ ಅವಳಮ್ಮನ ಫೋನು:
ಇನ್ನೂರು ಯೂರೋ ಸುರಿದು
ಮಗಳು ಕಲಿತು ಬಂದದ್ದು ಬರೀ ಹೆದರಿಕೆ.

ವಿಮೆಯವರು ಒಂದು ಹಾಳೆ ಕಳಿಸಿದ್ದಾರೆ:
ಹೆಚ್ಚುವರಿ ತರಬೇತಿಯಿಂದಾದ ಲಾಭ, ಅಂಕಿಗಳಲ್ಲಿ.
ಏನು ಬರೆಯಲಿ?
ಆಗದೇ ಹೋದದ್ದಕ್ಕೆ ಸದ್ದಿಲ್ಲ.
ಯಾರೋ ಒಬ್ಬ ಆ ತಿರುವಿನಲ್ಲಿ ಸುಮ್ಮನೆ ಕಾಲೆತ್ತಿ
ಮನೆಗೆ ಹೋಗಿ ಬೂಟು ಬಿಚ್ಚಿ
ಬಟಾಣಿ ಸೂಪು ಕುಡಿದು ಮಲಗಿದ್ದು
ಯಾವ ಲೆಕ್ಕದ ಪುಸ್ತಕದಲ್ಲಿದೆ?
ಬದುಕಿಕೊಂಡೆನೆಂದು ಅವನಿಗೇ ಗೊತ್ತಿಲ್ಲ.
ನನ್ನ ಪಾಠವಿಲ್ಲದೆಯೂ ಎತ್ತುತ್ತಿದ್ದನೋ ಏನೋ.

ನಿನ್ನೆ ಮಧ್ಯಾಹ್ನ ಮೂರಕ್ಕೇ ಕತ್ತಲು. ಮನೆಯ ದಾರಿ.
ಎಂಬತ್ತರ ರಸ್ತೆಯಲ್ಲಿ ಐವತ್ತಕ್ಕೆ ತೆವಳುವ
ಸಣ್ಣ ಕೆಂಪು ಕಾರು ಯಾರದೋ ಮುಂದೆ,
ಹಿಂದೆ ನಾವು ಏಳು ಜನ, ಮೆರವಣಿಗೆ.
ಹಾಲಿನಂಗಡಿಯ ಬಳಿ ಸಾಲು ಬಾಗಿದಾಗ
ದೀಪದಡಿ ಕಂಡಳು: ವೆನ್ಲಾ,
ಮೂಗು ಗಾಜಿಗೆ ತಾಗುವಂತೆ ಕೂತು.
ಅವಳ ಬೆನ್ನಿಗೆ ದಿಮ್ಮಿ ಹೇರಿದ ಲಾರಿ,
ಹಾರನ್ ಇಲ್ಲ, ಲೈಟು ಮಿಟುಕಿಸುವುದಿಲ್ಲ,
ನೂರು ಮೀಟರು ಬಿಟ್ಟುಕೊಟ್ಟು ಹೋಗುತ್ತಿತ್ತು.
ಆ ಲಾರಿಯ ನಂಬರು ನನಗೆ ಗೊತ್ತು.

ನನ್ನ ಕೈ ಹಾರನ್ನಿನ ಮೇಲಿತ್ತು.
ತೆಗೆದೆ.